ಹಾದಿ ಬಿಟ್ಟ ಮರಿಗಾಡಿ

ಕನ್ನಡದ 'ಗಾಡಿ' ಎಂಬ ಮಾತಿಗೆ ಇರುವಷ್ಟು ಔದಾರ್ಯ ಬೇರೆ ಮಾತುಗಳಿಗೆ ಇರುವುದು ಅಪರೂಪ. ಎತ್ತು ಕಟ್ಟಿದ್ದೂ ಗಾಡಿ, ಕುದುರೆ ಕಟ್ಟಿದ್ದೂ ಗಾಡಿ. ಹಳಿಯ ಮೇಲೆ ಹೊಗೆಯುಗುಳುತ್ತ ಬಂದದ್ದು ಪುಸ್ತಕಗಳಲ್ಲಿ ಉಗಿಬಂಡಿಯಾದರೂ ಜನರ ಬಾಯಲ್ಲಿ ರೈಲುಗಾಡಿ. ಎರಡೇ ಚಕ್ರದ ಮೇಲೆ ಗುಡುಗುವ ಪೆಟ್ರೋಲು ಯಂತ್ರ ಬಂದಾಗ ಪಂಡಿತರು ಏನೇನು ಹೆಸರು ಹುಡುಕಿದರೋ, ಮೈಸೂರಿನ ಮಂಡಿಮೊಹಲ್ಲದ ಹುಡುಗ ಮಾತ್ರ 'ಗಾಡಿ ತೆಗಿ' ಎಂದು ಸುಮ್ಮನಾದ. ಈ ಮಾತಿನ ಬೆನ್ನಿಗೆ ಒಂದು ಹಳೆಯ ತಿಳಿವಳಿಕೆ ಅಂಟಿಕೊಂಡಿದೆ. ಗಾಡಿಯೆಂದರೆ ರಾಜಬೀದಿಯಲ್ಲಿ ಮಾತ್ರ ಓಡುವ ಸಾರೋಟಲ್ಲ; ಗದ್ದೆಯ ಬದು, ಕೆರೆಯ ಏರಿ, ನಾಲೆಯ ದಡ, ಕಲ್ಲುಕೊರಕಲು ಎಲ್ಲ ಕಡೆಗೂ ಇಳಿಯಬಲ್ಲದ್ದು. ಇಳಿಯಲಾರದಿದ್ದರೆ ಇಳಿಯುವ ಹಾಗೆ ಮಾಡಿಕೊಳ್ಳಬೇಕಾದದ್ದು.

ಸಣ್ಣ ಮೋಟಾರು ಸೈಕಲ್ಲನ್ನು, ಈಗಿನವರು ಮಿನಿಬೈಕ್ ಎನ್ನುವ ಮರಿಗಾಡಿಯನ್ನು, ಹೀಗೆ ಹಾದಿ ಬಿಟ್ಟು ಓಡುವಂತೆ ಬದಲಾಯಿಸಿಕೊಳ್ಳುವ ಕಸುಬಿನ ಚರಿತ್ರೆ ನನ್ನ ಈ ಬರಹದ ವಿಷಯ. ಇದು ಹಣವಂತರ ಮಕ್ಕಳು ಮೊನ್ನೆ ಮೊನ್ನೆ ಪರದೇಶದಿಂದ ತಂದುಕೊಂಡ ಚಾಳಿ ಎಂದು ನಮ್ಮ ನಗರದ ಹಿರಿಯರು ತಿಳಿದಿದ್ದಾರೆ. ನಾನು ಪದವಿ ತರಗತಿಗಳಿಗೆ ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಹಸ್ತಪ್ರತಿಗಳ ಪಾಠಾಂತರ ನೋಡಿ ಅಭ್ಯಾಸವಾದ ಕಣ್ಣಿಗೆ ಈ ಗಾಡಿಗಳಲ್ಲಿಯೂ ಓದಬಹುದಾದದ್ದೇನೋ ಕಂಡಿತು. ಅದನ್ನು ಮುಂದೆ ಹೇಳುತ್ತೇನೆ.

ಮರಿಗಾಡಿಯ ಜನ್ಮ ಆಟಕ್ಕಾಗಿ ಆದದ್ದಲ್ಲ, ಯುದ್ಧಕ್ಕಾಗಿ. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಲ್ಲಿ, ಇಂಗ್ಲೆಂಡಿನ ವೆಲ್ವಿನ್ ಎಂಬಲ್ಲಿನ ಗುಪ್ತ ಸಂಶೋಧನಾಲಯದಲ್ಲಿ 'ವೆಲ್‌ಬೈಕ್' ಎಂಬ ಮಡಚುವ ಮೋಟಾರು ಸೈಕಲ್ಲು ರೂಪುಗೊಂಡಿತು. ೯೮ ಸಿ.ಸಿ.ಯ ಒಂದು ಎಂಜಿನ್ನು, ಸುಮಾರು ೩೨ ಕಿಲೋಗ್ರಾಂ ತೂಕ. ಕೊಳವೆಯಂಥ ಪೆಟ್ಟಿಗೆಯಲ್ಲಿ ತುರುಕಿ ಪ್ಯಾರಾಚೂಟು ಕಟ್ಟಿ ವಿಮಾನದಿಂದ ಕೆಳಗೆ ಬಿಟ್ಟರೆ, ಇಳಿದ ಸಿಪಾಯಿ ಅದನ್ನು ಬಿಚ್ಚಿ ಹತ್ತಿ ಹೊರಡಬೇಕು. ಎಕ್ಸೆಲ್ಸಿಯರ್ ಕಂಪೆನಿ ಮೂರು ಸಾವಿರಕ್ಕೂ ಮೇಲ್ಪಟ್ಟು ತಯಾರಿಸಿತು. ಯೋಜನೆಯೇನೋ ಚೆನ್ನಾಗಿತ್ತು, ಆದರೆ ಅಂಗೈಯಗಲದ ಚಕ್ರ ರಣಭೂಮಿಯ ಹಳ್ಳಗುಂಡಿಗಳಲ್ಲಿ ಉರುಳಲು ಒಪ್ಪಲಿಲ್ಲ. ಅವುಗಳಲ್ಲಿ ಹಲವು ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಅಧಿಕಾರಿಗಳನ್ನು ಹೊತ್ತು ತಿರುಗುವ ಕೆಲಸಕ್ಕೆ ಬಿದ್ದವು. ಹಾದಿಯಿಲ್ಲದ ಕಡೆ ಹೋಗಲೆಂದೇ ಹುಟ್ಟಿದ ಮೊದಲ ಮರಿಗಾಡಿ ಹಾದಿಯನ್ನು ಬಿಡಲಾರದೆ ಹೋಯಿತು!

ಇದಕ್ಕೆ ಕಾರಣ ನಮ್ಮ ಬಡಗಿಗಳಿಗೆ ಗೊತ್ತಿತ್ತು. ಎತ್ತಿನ ಗಾಡಿಯ ಚಕ್ರ ಎದೆಯೆತ್ತರ ಇರುವುದು ಅಲಂಕಾರಕ್ಕಲ್ಲ. ಗೇಣುದ್ದದ ಕಲ್ಲು ಅಡ್ಡ ಬಂದಾಗ ದೊಡ್ಡ ಚಕ್ರಕ್ಕೆ ಅದು ಇಳಿಜಾರು, ಸಣ್ಣ ಚಕ್ರಕ್ಕೆ ಅದೇ ಗೋಡೆ. ಆದ್ದರಿಂದ ಮರಿಗಾಡಿಯನ್ನು ಕಾಡಿಗೆ ಇಳಿಸುವ ಕಸುಬೆಲ್ಲ ಅದರ ಹುಟ್ಟುಕೊರತೆಯನ್ನು ಇನ್ನೊಂದು ಕಡೆಯಿಂದ ತುಂಬಿಕೊಡುವ ಉಪಾಯವೇ ಆಗಿದೆ: ಚಕ್ರ ಸಣ್ಣದಾದರೆ ಎಳೆತ ಹೆಚ್ಚಬೇಕು, ತೂಕ ಇಳಿಯಬೇಕು, ಹೊಟ್ಟೆ ನೆಲಕ್ಕೆ ತಾಗದಂತೆ ಮೇಲೇರಬೇಕು.

ಈ ಉಪಾಯವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಕಾರ್ಖಾನೆಯ ದೊಡ್ಡ ಎಂಜಿನಿಯರುಗಳಿಗಿಂತ ಅಂಗಡಿಯವರೇ ಮುಂದು. ಹೋಂಡಾ ಕಂಪೆನಿ ೧೯೫೮ರಲ್ಲಿ ಸೂಪರ್ ಕಬ್ ಎಂಬ ೫೦ ಸಿ.ಸಿ. ಗಾಡಿ ಹೊರಡಿಸಿತು, ತರಕಾರಿಯವನು, ಅಂಚೆಯವನು ಓಡಿಸಲಿ ಎಂದು. ಅಮೆರಿಕದ ಇಡಾಹೋ ಸಂಸ್ಥಾನದ ಬಾಯ್ಸಿ ಪಟ್ಟಣದಲ್ಲಿ ಹರ್ಬ್ ಊಲ್ ಎಂಬ ವ್ಯಾಪಾರಿ ಅದರ ಹಿಂಬದಿಯ ಹಲ್ಲುಚಕ್ರ ತೆಗೆದು ಬಹು ದೊಡ್ಡದೊಂದನ್ನು ಹಾಕಿ, ಗುಬಟುಗುಬಟಾದ ಟಯರು ತೊಡಿಸಿ, ಬೆಟ್ಟ ಹತ್ತುವವರಿಗೆ ಮಾರತೊಡಗಿದ. ಅವನ ಊರಿನಲ್ಲಿ ಈ ಪುಟ್ಟ ಗಾಡಿ ಇಷ್ಟೊಂದು ಏಕೆ ಖರ್ಚಾಗುತ್ತಿದೆಯೆಂದು ಕಂಪೆನಿಯವರಿಗೆ ಆಶ್ಚರ್ಯವಾಯಿತು. ಹೋಗಿ ನೋಡಿ, ಅವನ ಮಾದರಿಯನ್ನೇ ಹಿಡಿದು, ೧೯೬೧ರಲ್ಲಿ 'ಟ್ರೇಲ್' ಎಂಬ ಹೆಸರಿನಿಂದ ತಾವೇ ತಯಾರಿಸತೊಡಗಿದರು. ಅದೇ ವರ್ಷ ಟೋಕಿಯೋ ಬಳಿಯ ಟಾಮಾ ಟೆಕ್ ಎಂಬ ವಿನೋದವನದಲ್ಲಿ ಮಕ್ಕಳಿಗೆಂದು ಐದಂಗುಲ ಚಕ್ರದ ಇನ್ನೊಂದು ಗಾಡಿಯನ್ನು ಇಟ್ಟರು. ಅದರ ಮೇಲೆ ಮಂಡಿ ಮಡಚಿ ಕುಳಿತ ದೊಡ್ಡವರು ಕೋತಿಗಳಂತೆ ಕಂಡದ್ದರಿಂದ 'ಮಂಕಿ' ಎಂಬ ಹೆಸರೇ ನಿಂತಿತು. ಅಮೆರಿಕದ ಹುಡುಗರಂತೂ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನು ಕಬ್ಬಿಣದ ಕೊಳವೆಗಳ ನಡುವೆ ಬೆಸೆದು ಹಿತ್ತಿಲಲ್ಲೇ ಗಾಡಿ ಕಟ್ಟಿದರು.

೧೯೬೧ ಎಂದೆನಷ್ಟೆ. ಮೈಸೂರಿನವರಿಗೆ ಆ ವರ್ಷದ ನೆನಪು ಬೇರೆ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಗಾಡಿ ತಯಾರಿಸಲು ಮೊದಲಿಟ್ಟದ್ದು ಆಗಲೇ. ಅದನ್ನು ಉದ್ಘಾಟಿಸಿದವರು ಅಂದು ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. ಜಾವಾ ಎಂಬುದು ಮಹಾರಾಜರ ಹೆಸರಿನ ಎರಡು ತುಂಡುಗಳ ಜೋಡಣೆ ಎಂದು ಊರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ನಿಜವಾಗಿ ಅದು ಚೆಕೊಸ್ಲೊವಾಕಿಯಾದ ಫ್ರಾಂತಿಷೆಕ್ ಯಾನೆಚೆಕ್ ಎಂಬಾತ ೧೯೨೯ರಲ್ಲಿ ತನ್ನ ಹೆಸರನ್ನೂ ವಾಂಡರರ್ ಎಂಬ ಜರ್ಮನ್ ಕಂಪೆನಿಯ ಹೆಸರನ್ನೂ ಬೆಸೆದು ಮಾಡಿದ್ದು. ಆದರೆ ಸುಳ್ಳು ವ್ಯುತ್ಪತ್ತಿಗಳಲ್ಲಿ ಒಂದು ಊರಿನ ಪ್ರೀತಿ ಅಡಗಿರುತ್ತದೆ. ನಾನು ಅದನ್ನು ತಿದ್ದಲು ಹೋಗುವುದಿಲ್ಲ. ೧೯೭೩ರಿಂದ ಇವರ ಗಾಡಿಗೆ ಇರಾನಿನ ಯಜ್ದ್ ನಗರವನ್ನು ನೆನಪಿಸುವ ಯೆಜ್ಡಿ ಎಂಬ ಹೆಸರಾಯಿತು.

ಯಾದವಗಿರಿಯ ಕೀರ್ತಿ ೨೫೦ ಸಿ.ಸಿ.ಯ ದೊಡ್ಡ ಗಾಡಿಯದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು; ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ. ಆದರೆ ಅದರ ನೆರಳಿನಲ್ಲಿ ೬೦ ಸಿ.ಸಿ.ಯ ಜೆಟ್, ಕೋಲ್ಟ್ ಎಂಬ ಮರಿಗಳೂ ಅಲ್ಲಿಂದ ಹೊರಬಂದವು. ಕೋಲ್ಟ್ ಎಂದರೆ ಕುದುರೆಮರಿ, ಹೆಸರಿಟ್ಟವರು ರಸಿಕರು. ಇವು ಹೆಚ್ಚು ಕಾಲ ಬಾಳಲಿಲ್ಲ, ಇವುಗಳ ಬಗ್ಗೆ ಬರೆದವರೂ ಕಡಮೆ. ಉತ್ತರದಲ್ಲಿ ಎಸ್ಕಾರ್ಟ್ಸ್ ಕಂಪೆನಿ ರಾಜದೂತ್‌ನ ೧೭೫ ಸಿ.ಸಿ. ಎಂಜಿನ್ನನ್ನೇ ಸಣ್ಣ ಚೌಕಟ್ಟು, ಸಣ್ಣ ಚಕ್ರಗಳ ಮೇಲೆ ಕೂಡಿಸಿ ಜಿ.ಟಿ.ಎಸ್. ಎಂಬುದನ್ನು ಹೊರತಂದಿತು. ೧೯೭೩ರ 'ಬಾಬಿ' ಚಲನಚಿತ್ರದಲ್ಲಿ ರಿಷಿ ಕಪೂರ್, ಡಿಂಪಲ್ ಕಪಾಡಿಯಾ ಅದರ ಮೇಲೆ ಕುಳಿತದ್ದೇ ತಡ, ದೇಶದ ಹುಡುಗರಿಗೆಲ್ಲ ಅದು ಬಾಬಿ ಗಾಡಿಯಾಯಿತು. ನಮ್ಮ ದೇಶದಲ್ಲಿ ಮಿನಿಬೈಕ್ ಎಂದು ನ್ಯಾಯವಾಗಿ ಕರೆಸಿಕೊಳ್ಳಬಹುದಾದ ಮೊದಲ ಗಾಡಿಗಳಲ್ಲಿ ಅದೊಂದು. ನೋಡಲು ಮುದ್ದು, ಕೆಲಸಕ್ಕೆ ಅಷ್ಟಕ್ಕಷ್ಟೆ. ಕೆಲಸದ ಮರಿಗಾಡಿ ಬಂದದ್ದು ಮೊಪೆಡ್ಡಿನ ರೂಪದಲ್ಲಿ. ಪುಣೆಯಿಂದ ೧೯೭೨ರಲ್ಲಿ ಲೂನಾ, ನಮ್ಮ ಗಡಿಗೆ ತಾಗಿದ ಹೊಸೂರಿನಿಂದ ೧೯೮೦ರಲ್ಲಿ ಟಿ.ವಿ.ಎಸ್. ೫೦.

ಇನ್ನು ಬದಲಾವಣೆಯ ಕಸುಬಿಗೆ ಬರೋಣ. ಓದುಗರು ಹೆದರಬೇಕಾಗಿಲ್ಲ, ಲೆಕ್ಕ ಸುಲಭ. ಎಂಜಿನ್ನಿನ ಕಡೆ ೧೨ ಹಲ್ಲಿನ ಚಕ್ರ, ಹಿಂಗಾಲಿಗೆ ೩೬ ಹಲ್ಲಿನದು ಎಂದಿಟ್ಟುಕೊಳ್ಳಿ. ಮುಂದಿನದು ಮೂರು ಸುತ್ತು ಬಂದರೆ ಹಿಂದಿನದು ಒಂದು. ಹಿಂದಿನದನ್ನು ತೆಗೆದು ೪೮ ಹಲ್ಲಿನದನ್ನು ಹಾಕಿದರೆ ನಾಲ್ಕಕ್ಕೆ ಒಂದಾಗುತ್ತದೆ. ಎಂಜಿನ್ನು ಅದೇ, ಪೆಟ್ರೋಲೂ ಅದೇ. ಆದರೆ ಗಾಲಿಯನ್ನು ತಿರುಗಿಸುವ ಬಲ ಮೂರನೆಯ ಒಂದು ಪಾಲು ಏರುತ್ತದೆ, ಓಟ ಕಾಲು ಪಾಲು ಇಳಿಯುತ್ತದೆ. ಇಡಾಹೋದ ಅಂಗಡಿಯವನು ಮಾಡಿದ್ದು ಇಷ್ಟೇ. ನಮ್ಮ ಗ್ಯಾರೇಜಿನವರು ಮಾಡುವುದೂ ಇಷ್ಟೇ. ಪಠ್ಯಪುಸ್ತಕದ ಕನ್ನಡ ಇದಕ್ಕೆ ಎಂಥೆಂಥ ಸಂಸ್ಕೃತದ ಮಾತುಗಳನ್ನು ಹೊಸೆದಿದೆಯೋ. ಗ್ಯಾರೇಜಿನ ಕನ್ನಡ 'ಗಾಡಿ ಈಗ ಎಳೀತದೆ' ಎನ್ನುತ್ತದೆ. ಎಳೆತ! ಎತ್ತಿನ ಹೆಗಲಿನಿಂದ ಇಳಿದು ಬಂದ ಮಾತು. ಪರಿಭಾಷೆ ರಚಿಸುವ ಸಮಿತಿಗಳು ಒಂದು ದಿನ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರೆ ನಮ್ಮ ವಿಜ್ಞಾನದ ಪುಸ್ತಕಗಳು ಇಷ್ಟು ಒಣಗಿರುತ್ತಿರಲಿಲ್ಲ.

ಆದರೆ ಹಲ್ಲುಚಕ್ರ ಬದಲಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಒಂದು ಬದಲಾವಣೆ ಇನ್ನೊಂದನ್ನು ಬೇಡುತ್ತದೆ. ಯಾದವಗಿರಿಯ ದೊಡ್ಡ ಗಾಡಿಯಲ್ಲಿ ಹಿಂದಿನ ಸರಪಳಿಯನ್ನು ಧೂಳು ಮಣ್ಣು ತಾಗದಂತೆ ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಹುದುಗಿಸಿದ್ದರು. ಜಾಣ ಏರ್ಪಾಡು. ದೊಡ್ಡ ಹಲ್ಲುಚಕ್ರ ಆ ಪೆಟ್ಟಿಗೆಯೊಳಗೆ ಹಿಡಿಸದು. ಪೆಟ್ಟಿಗೆ ತೆಗೆದರೆ ಸರಪಳಿ ಕೆಸರು ತಿನ್ನುತ್ತದೆ, ಬೇಗ ಸವೆಯುತ್ತದೆ, ಸರಪಳಿಯ ಉದ್ದವನ್ನೂ ಹೆಚ್ಚಿಸಬೇಕಾಗುತ್ತದೆ. ಮುಂದಿನ ಮಡ್‌ಗಾರ್ಡು ಗಾಲಿಗೆ ಅಂಟಿದಂತಿದ್ದರೆ ಜೇಡಿಮಣ್ಣು ಸಿಕ್ಕಿಕೊಂಡು ಗಾಲಿಯೇ ನಿಂತುಬಿಡುವುದರಿಂದ ಅದನ್ನು ನಾಲ್ಕು ಬೆರಳು ಮೇಲಕ್ಕೆ ಎತ್ತಿ ಕಟ್ಟಬೇಕು. ಸೈಲೆನ್ಸರು ಕೆಳಗಿದ್ದರೆ ಕಲ್ಲಿಗೆ ಬಡಿಯುತ್ತದೆ; ಮೇಲೆತ್ತಿದರೆ ಸವಾರನ ಮೀನಖಂಡ ಸುಡುತ್ತದೆ. ಎಲ್ಲಿ ಕೊಡಬೇಕು, ಎಲ್ಲಿ ತೆಗೆದುಕೊಳ್ಳಬೇಕು ಎಂಬ ಈ ವಿವೇಕವೇ ಕಸುಬು.

ಸೈಲೆನ್ಸರಿನ ಮಾತು ಬಂತು. ಅಲ್ಲಿ ಒಂದು ದೊಡ್ಡ ಮೂಢನಂಬಿಕೆ ಬೇರು ಬಿಟ್ಟಿದೆ. ಒಳಗಿನ ಕೊಳವೆ ಕಿತ್ತೆಸೆದರೆ ಶಬ್ದದ ಜೊತೆಗೆ ಬಲವೂ ಏರುತ್ತದೆ ಎಂದು ನಮ್ಮ ಹುಡುಗರು ನಂಬಿದ್ದಾರೆ. ನಡುರಾತ್ರಿ ನಮ್ಮ ಬೀದಿಗಳು ಈ ನಂಬಿಕೆಯ ಫಲವನ್ನು ಅನುಭವಿಸುತ್ತಿವೆ. ಎರಡು ಹೊಡೆತದ ಎಂಜಿನ್ನಿಗೆ ಕವಾಟಗಳಿಲ್ಲ. ಹೊಗೆ ಹೊರಹೋಗುವಾಗ ಅದರ ಬೆನ್ನಿಗೆ ಸುಡದ ಹೊಸ ಪೆಟ್ರೋಲು ಆವಿಯೂ ಸ್ವಲ್ಪ ಹೊರಬೀಳುತ್ತದೆ. ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ ೧೯೫೦ರ ದಶಕದಲ್ಲಿ ಹೊಗೆಕೊಳವೆಯನ್ನು ತಕ್ಕ ಅಳತೆಗೆ ಉಬ್ಬಿಸಿ ಮತ್ತೆ ಕಿರಿದಾಗಿಸಿದರೆ ಶಬ್ದದ ಅಲೆಯೇ ತಿರುಗಿ ಬಂದು ಆ ಆವಿಯನ್ನು ಒಳಕ್ಕೆ ತಳ್ಳುವಂತೆ ಮಾಡಬಹುದೆಂದು ಸಾಧಿಸಿ ತೋರಿಸಿದ. ಅವನ ಸವಾರ ಎರ್ನ್ಸ್ಟ್ ಡೆಗ್ನರ್ ೧೯೬೧ರಲ್ಲಿ ಆ ವಿದ್ಯೆಯೊಡನೆ ದೇಶ ಬಿಟ್ಟು ಜಪಾನಿನ ಸುಜುಕಿ ಸೇರಿದ್ದು ದೊಡ್ಡ ಕಥೆ. ಒಟ್ಟಿನಲ್ಲಿ ಕೊಳವೆಯ ಉದ್ದಗಲಗಳಲ್ಲಿ ತಂಬೂರಿ ಶ್ರುತಿ ಮಾಡುವಷ್ಟು ಸೂಕ್ಷ್ಮವಿದೆ. ಸುಮ್ಮನೆ ಕತ್ತರಿಸಿ ಎಸೆಯುವವನು ತಂತಿ ಕಿತ್ತು ಬುರುಡೆ ಬಾರಿಸಿದ ಹಾಗೆ.

ಈ ಸೂಕ್ಷ್ಮಗಳನ್ನೆಲ್ಲ ಬಲ್ಲ ಕೈಗಳು ಮೈಸೂರಿನಲ್ಲಿ ಇಷ್ಟು ಒಟ್ಟಿಗೆ ಹೇಗೆ ಸೇರಿದವು? ಉತ್ತರ ಯಾದವಗಿರಿಯಲ್ಲಿದೆ. ಮೂವತ್ತೈದು ವರ್ಷ ಆ ಕಾರ್ಖಾನೆ ಊರಿನ ಹುಡುಗರಿಗೆ ತಿರುಗಣಿ, ಬೆಸುಗೆ, ಅಳತೆ ಕಲಿಸಿತು. ೧೯೯೬ರಲ್ಲಿ ಅದು ಮುಚ್ಚಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಹೊಗೆಯ ಹೊಸ ಕಟ್ಟಳೆಗಳು, ಜಪಾನಿನ ನೆರವಿನಿಂದ ಬಂದ ಮಿತವ್ಯಯದ ಗಾಡಿಗಳು, ಕಾರ್ಮಿಕರ ತಕರಾರು, ಆಡಳಿತದ ಸಂಕಟ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಯಂತ್ರಗಳು ಹರಾಜಿಗೆ ಹೋಗುತ್ತವೆ, ನೆಲ ಬಡಾವಣೆಯಾಗುತ್ತದೆ. ಕೈಯ ವಿದ್ಯೆಯನ್ನು ಹರಾಜು ಹಾಕಲು ಬರುವುದಿಲ್ಲ. ಅದು ಮೊಹಲ್ಲಗಳ ಒಂದಂಕಣದ ಗ್ಯಾರೇಜುಗಳಿಗೆ ಹಂಚಿಹೋಯಿತು. ಬಿಡಿಭಾಗ ಬರುವುದು ನಿಂತ ಮೇಲೆ ಬದಲಾಯಿಸುವುದೇ ದುರಸ್ತಿಯಾಯಿತು. ಒಂದು ಗಾಡಿಯ ಹಲ್ಲುಚಕ್ರ ಇನ್ನೊಂದಕ್ಕೆ, ಒಂದರ ಕಾರ್ಬ್ಯುರೇಟರು ಮತ್ತೊಂದಕ್ಕೆ. ಈ ಊರಿನ ಗಾಳಿಯೇ ಅಂಥದೇನೋ: ಮೈಸೂರಿನ ಸೋಮೇಂದರ್ ಸಿಂಗ್ ಅವರು ಸಿಲಿಂಡರು ಮುಚ್ಚಳದ ಒಳಮೈಯಲ್ಲಿ ಗೀರು ಕೊರೆದು ಉರಿಯನ್ನು ಚುರುಕುಗೊಳಿಸುವ ಉಪಾಯಕ್ಕೆ ೨೦೦೧ರಲ್ಲಿ ಅಮೆರಿಕದ ಪೇಟೆಂಟನ್ನೇ ಪಡೆದರು.

ಈ ವಿದ್ಯೆ ಹೆಚ್ಚು ಕೆಲಸಕ್ಕೆ ಬಂದದ್ದು ಪಂದ್ಯಗಳಲ್ಲಿ ಅಲ್ಲ, ನಾಲೆಯ ದಡಗಳಲ್ಲಿ. ತಿ. ನರಸೀಪುರದ ಕಡೆಗೋ ಶ್ರೀರಂಗಪಟ್ಟಣದ ಕಡೆಗೋ ಬೆಳಗಿನ ಹೊತ್ತು ಹೋಗಿ ನೋಡಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗೊಬ್ಬರದ ಚೀಲ ಹೊತ್ತ ಮೊಪೆಡ್ಡು ಒಂದು ಮೊಳ ಅಗಲದ ಬದುವಿನ ಮೇಲೆ ಸಾಗುತ್ತಿರುತ್ತದೆ. ಹಿಂಬದಿಗೆ ಕಬ್ಬಿಣದ ಅಟ್ಟಣಿಗೆ ಬೆಸೆದಿರುತ್ತದೆ, ಸ್ಟ್ಯಾಂಡಿನ ಕಾಲಿಗೆ ಕೆಸರಿನಲ್ಲಿ ಹೂಳದಂತೆ ತಗಡಿನ ಪಾದ ಕಟ್ಟಿರುತ್ತದೆ. ಇದನ್ನು ಯಾರೂ ಕ್ರೀಡೆ ಎನ್ನುವುದಿಲ್ಲ. ಆದರೆ ದಸರೆಯ ಸಮಯದಲ್ಲಿ ಲಲಿತಮಹಲ್ ಬಳಿಯ ಮೈದಾನದ ಮಣ್ಣಿನ ಓಟಕ್ಕೆ ಬಣ್ಣದ ಅಂಗಿ ತೊಟ್ಟು ಬರುವ ಸವಾರನ ಗಾಡಿಯಲ್ಲಿರುವುದೂ ಇದೇ ವಿದ್ಯೆಯೇ. ಒಬ್ಬನು ಭಾರ ಸೇರಿಸಲು ಬೆಸೆದನು, ಇನ್ನೊಬ್ಬನು ಭಾರ ಕಳೆಯಲು ಕತ್ತರಿಸಿದನು. ರೈತನ ಗಾಡಿಯ ಮುಂದೆ ನಿಂತು ಪಟ ತೆಗೆಯುವವರಿಲ್ಲ, ಅಷ್ಟೇ ವ್ಯತ್ಯಾಸ.

ಕಾನೂನಿನ ದೃಷ್ಟಿ ಬೇರೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸಕೂಡದೆನ್ನುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೆ ೫,೦೦೦ ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ವಿಧಿಸಿತು. ಅಪ್ರಾಪ್ತ ವಯಸ್ಸಿನ ಹುಡುಗ ತಪ್ಪು ಮಾಡಿದರೆ ಪೋಷಕರಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ೨೫ ಸಿ.ಸಿ. ಮೀರದ ಎರಡು ಚಕ್ರದ ಆಟಿಕೆಯಂಥ ಗಾಡಿ ಮಾತ್ರ ಕಾಯಿದೆಯ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಕಟ್ಟಳೆ ವ್ಯರ್ಥವೆಂದು ನಾನು ಹೇಳಲಾರೆ. ಹೆಲ್ಮೆಟ್ಟಿಲ್ಲದೆ, ಬ್ರೇಕು ಕಳಚಿದ ಗಾಡಿಯಲ್ಲಿ ವರ್ತುಲ ರಸ್ತೆಗೆ ಇಳಿದ ಹುಡುಗರು ಮಾಡಿಕೊಂಡ ಅನಾಹುತಗಳನ್ನು ಕಾಲೇಜಿನಲ್ಲಿರುವ ಯಾವ ಮೇಷ್ಟರೂ ಕೇಳದೆ ಇಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿಗೆ ಉತ್ತರ ಬಾರದೆ ಹೋದಾಗ ತರಗತಿಯಲ್ಲಿ ಕವಿಯುವ ಮೌನ ನನಗೂ ಗೊತ್ತು. ಚಾಮುಂಡಿ ಬೆಟ್ಟದ ಇಳಿಜಾರು ಕಾಯ್ದಿಟ್ಟ ಅರಣ್ಯ. ಅಲ್ಲಿ ಮಳೆಗಾಲದಲ್ಲಿ ಗುಬಟು ಟಯರು ಗೀಚಿದ ಗೆರೆ ಮರುವರ್ಷಕ್ಕೆ ಕೊರಕಲಾಗುತ್ತದೆ. ರಸ್ತೆಯಲ್ಲಿಯೂ ಬೇಡ, ಬೆಟ್ಟದಲ್ಲಿಯೂ ಬೇಡ ಎಂದರೆ ಎಲ್ಲಿ ಎಂಬ ಹುಡುಗರ ಪ್ರಶ್ನೆ ನ್ಯಾಯವಾದದ್ದೇ. ಕುಸ್ತಿಗೆ ಗರಡಿಮನೆಗಳನ್ನು ಕಟ್ಟಿಕೊಟ್ಟ ಊರು ಇದಕ್ಕೂ ನಾಲ್ಕೆಕರೆ ಮಣ್ಣನ್ನೂ ಒಬ್ಬ ಉಸ್ತಾದನನ್ನೂ ಕೊಟ್ಟರೆ ಕೆಟ್ಟುಹೋಗುವುದಿಲ್ಲ.

ನನ್ನ ಕಳವಳ ಇನ್ನೊಂದು ಬಗೆಯದು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಹಳೆಯ ಗಾಡಿಗಳನ್ನು ಉಜ್ಜಿ ಹೊಳಪಿಸಿ ಮೆರವಣಿಗೆ ತರುತ್ತಾರೆ. ಸಂತೋಷ. ಆದರೆ ಇದಕ್ಕಾಗಿ ಗಾಡಿಯನ್ನು 'ಮೂಲಸ್ಥಿತಿಗೆ' ತರುವ ಉತ್ಸಾಹದಲ್ಲಿ ಮೂವತ್ತು ವರ್ಷಗಳಲ್ಲಿ ಗ್ಯಾರೇಜು ಸೇರಿಸಿದ್ದನ್ನೆಲ್ಲ ಕಿತ್ತು ತಿಪ್ಪೆಗೆ ಹಾಕುತ್ತಾರೆ. ಕೃಷ್ಣರಾಜ ಬುಲೆವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓಲೆಗರಿಗಳನ್ನು ನೋಡಿದವರು ಬಲ್ಲರು: ಕವಿ ಬರೆದ ಮೂಲಪ್ರತಿ ನಮಗೆ ಸಿಕ್ಕುವುದೇ ಇಲ್ಲ, ಸಿಕ್ಕುವುದು ಊರೂರಿನ ಲಿಪಿಕಾರರು ತಮ್ಮ ನಾಲಿಗೆಗೆ ತಕ್ಕಂತೆ ತಿದ್ದಿದ ಪ್ರತಿಗಳು. ಒಳ್ಳೆಯ ಸಂಪಾದಕನು ಶುದ್ಧಪಾಠವನ್ನು ಮೇಲೆ ಅಚ್ಚು ಹಾಕಿಸಿದರೂ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಯಾವ ಸೀಮೆಯಲ್ಲಿ ಯಾರು ಓದಿದರು, ಹೇಗೆ ಅರ್ಥಮಾಡಿಕೊಂಡರು ಎಂಬುದಕ್ಕೆ ಸಾಕ್ಷಿ ಅಲ್ಲೇ ಇರುವುದು. ಎತ್ತಿ ಕಟ್ಟಿದ ಮಡ್‌ಗಾರ್ಡು, ಕೈಯಲ್ಲಿ ಅರ ಹಾಕಿ ಮಾಡಿದ ೪೮ ಹಲ್ಲು, ಸ್ಟ್ಯಾಂಡಿನ ತಗಡುಪಾದ — ಇವು ನಮ್ಮ ನೆಲದ ಪಾಠಾಂತರಗಳು. ಕಾರ್ಖಾನೆಯಿಂದ ಹೊರಟ ಗಾಡಿ ಹೇಗಿತ್ತೆಂದು ತಿಳಿಯಲು ಹಳೆಯ ಜಾಹೀರಾತು ಸಾಕು. ಅದು ನಂಜನಗೂಡಿನ ಜೇಡಿಮಣ್ಣಿನಲ್ಲಿ ಹೇಗೆ ಬಾಳಿತೆಂದು ತಿಳಿಯಲು ಈ ಬೆಸುಗೆಯ ಗುರುತುಗಳ ಹೊರತು ಬೇರೆ ದಾಖಲೆಯಿಲ್ಲ.

ಆ ಕೈಗಳಿಗೂ ವಯಸ್ಸಾಗುತ್ತಿದೆ. ಯಾದವಗಿರಿಯಲ್ಲಿ ಕಡೆಯಲ್ಲಿ ಕೆಲಸಕ್ಕೆ ಸೇರಿದವರೂ ಈಗ ಅರವತ್ತರ ಆಸುಪಾಸಿನವರು. ಟಿ.ವಿ.ಎಸ್. ಮೊಪೆಡ್ಡು ೨೦೧೫ರಲ್ಲಿ ಎರಡು ಹೊಡೆತದ ಎಂಜಿನ್ನನ್ನು ಬಿಟ್ಟು ನಾಲ್ಕು ಹೊಡೆತಕ್ಕೆ ತಿರುಗಿತು. ೨೦೨೦ರ ಹೊಸ ಹೊಗೆಕಟ್ಟಳೆಯೊಡನೆ ಕಾರ್ಬ್ಯುರೇಟರು ಹೋಗಿ ವಿದ್ಯುನ್ಮಾನದ ಪೆಟ್ಟಿಗೆ ಬಂತು. ಸ್ಕ್ರೂಡ್ರೈವರು ಹಿಡಿದು ಕಿವಿಗೊಟ್ಟು ಕೇಳಿದರೆ ಅದು ಮಾತಾಡುವುದಿಲ್ಲ. ಕಡಕೊಳದ ಹತ್ತಿರ ಟಿ.ವಿ.ಎಸ್. ಕಾರ್ಖಾನೆಯಿದೆ, ಯಾದವಗಿರಿಯಲ್ಲಿ ನಿಂತದ್ದು ನಂಜನಗೂಡು ರಸ್ತೆಯಲ್ಲಿ ಮುಂದುವರಿದಿದೆಯೆಂದು ಬೇಕಾದರೆ ಹೇಳಬಹುದು. ಆದರೆ ತಯಾರಿಸುವ ವಿದ್ಯೆಯೇ ಬೇರೆ, ಬದಲಾಯಿಸುವ ವಿದ್ಯೆಯೇ ಬೇರೆ. ಎರಡನೆಯದಕ್ಕೆ ಪಠ್ಯವಿಲ್ಲ, ಪದವಿಯಿಲ್ಲ, ಅಳತೆಗಳನ್ನು ಬರೆದಿಟ್ಟ ಪುಸ್ತಕವಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ಜಾನಪದದ ಕ್ಷೇತ್ರಕಾರ್ಯಕ್ಕೆಂದು ಸೋಬಾನೆ ಪದಗಳನ್ನು ಬರೆದುಕೊಂಡು ಬರಲು ಹಳ್ಳಿಗಳಿಗೆ ಕಳಿಸುತ್ತೇವೆ. ಈ ವರ್ಷ ನಾಲ್ವರನ್ನು ಗ್ಯಾರೇಜುಗಳಿಗೆ ಕಳಿಸಿದ್ದೇನೆ. ಒಬ್ಬಳು ಮೊದಲ ವಾರದಲ್ಲೇ ಎಂಬತ್ತಕ್ಕೂ ಹೆಚ್ಚು ಮಾತುಗಳನ್ನು ಗುರುತು ಹಾಕಿಕೊಂಡು ಬಂದಿದ್ದಾಳೆ. ಅವುಗಳಲ್ಲಿ ಅರ್ಧದಷ್ಟು ಮಾತುಗಳು ಎತ್ತಿನ ಗಾಡಿಯವು.